ಎಆರ್-4ಎಕ್ಸ್‌ಗೆ ಸಬ್‌ವೂಫರ್: ಮೊದಲು ಕ್ರಾಸೋವರ್ ರಿಪೇರಿ

ಅಮೆರಿಕದ ಅಕೌಸ್ಟಿಕ್ ರಿಸರ್ಚ್ ಕಂಪನಿ 1965ರಲ್ಲಿ ತಂದ ಎಆರ್-4ಎಕ್ಸ್ ಗಾಳಿಯಾಡದ ಪೆಟ್ಟಿಗೆಯ ಸ್ಪೀಕರ್. ತಗ್ಗು ಸ್ವರಕ್ಕೆ 8 ಇಂಚಿನ ವೂಫರ್, ಏರು ಸ್ವರಕ್ಕೆ 2.5 ಇಂಚಿನ ಟ್ವೀಟರ್. ಎರಡಕ್ಕೂ ಸದ್ದು ಹಂಚುವ ಒಳಗಿನ ಸರ್ಕ್ಯೂಟೇ ಕ್ರಾಸೋವರ್, ಹಂಚುವ ಗಡಿ ಸುಮಾರು 1200 ಹರ್ಟ್ಸ್. ಮುಚ್ಚಿದ ಪೆಟ್ಟಿಗೆಯಾದ್ದರಿಂದ ಬಾಸ್ ನಿಧಾನವಾಗಿ ಇಳಿಯುತ್ತದೆ, ತೀರಾ ತಗ್ಗಿನ ಬಾಸ್‌ಗೆಂದೇ ಇರುವ ಸಬ್‌ವೂಫರ್ (ಸಬ್) ಜೋಡಿಸುವುದೂ ಸುಲಭ. ಆದರೆ ಟ್ವೀಟರ್ ಮಂಕಾಗಿರುವಾಗ ಸಬ್ ಇಟ್ಟರೆ ಕೇಳಿಸುವುದು ಬರೀ ಗುಮ್ಮು. ಹಾಗಾಗಿ ಮೊದಲು ಕ್ರಾಸೋವರ್.

ವೂಫರ್‌ನ ಸ್ಕ್ರೂ ಬಿಚ್ಚಿ ಹೊರತೆಗೆಯಿರಿ. ತಂತಿಗಳ ಫೋಟೊ ತೆಗೆದುಕೊಂಡೇ ಮುಂದುವರಿಯಿರಿ. ಒಳಗೆ ತುಂಬಿರುವ ನಾರು ಚರ್ಮಕ್ಕೂ ಶ್ವಾಸಕ್ಕೂ ಒಳ್ಳೆಯದಲ್ಲ, ಗ್ಲೌಸ್ ಮತ್ತು ಮಾಸ್ಕ್ ಬೇಕು. ಎರಡು ಪೆಟ್ಟಿಗೆಗಳ ನಾರನ್ನು ಬೇರೆಬೇರೆ ಚೀಲದಲ್ಲಿಟ್ಟು, ಇದ್ದಷ್ಟನ್ನೂ ವಾಪಸ್ ತುಂಬಿ.

ಟ್ವೀಟರ್‌ಗೆ ಹೋಗುವ ಕೆಪ್ಯಾಸಿಟರ್ 20 ಮೈಕ್ರೋಫ್ಯಾರಡ್‌ನದು. ಹಳತಾದಂತೆ ಅದರ ಮೌಲ್ಯವೂ ಒಳ ತಡೆಯೂ ಬದಲಾಗುತ್ತವೆ. 100 ವೋಲ್ಟ್‌ನ 10 ಮೈಕ್ರೋಫ್ಯಾರಡ್ ಫಿಲ್ಮ್ ಕೆಪ್ಯಾಸಿಟರ್ ಎರಡನ್ನು ಸಮಾಂತರವಾಗಿ ಬೆಸೆದರೆ ಸಾಕು. ಅವು ಗಾತ್ರದಲ್ಲಿ ದಪ್ಪ. ಅಲುಗದಂತೆ ಕಟ್ಟಿ, ವೂಫರ್‌ನ ಬೆನ್ನಿಗೆ ತಾಗಿಸಬೇಡಿ. ಹೊಸ ಫಿಲ್ಮ್ ಕೆಪ್ಯಾಸಿಟರ್‌ನಲ್ಲಿ ಟ್ವೀಟರ್‌ನ ಸದ್ದು ಕಿವಿಗೆ ಚುಚ್ಚಿದರೆ ಅರ್ಧ ಓಮ್‌ನ ರೆಸಿಸ್ಟರ್ ಸರಣಿಯಲ್ಲಿ ಹಾಕಿ. ಕ್ರಾಸೋವರ್‌ನ ಕಾಯಿಲ್ ಹಾಳಾಗುವುದು ಅಪರೂಪ, ಅದನ್ನು ಮುಟ್ಟಬೇಡಿ.

ಟ್ವೀಟರ್‌ನ ಸದ್ದು ಬಂದು ಹೋಗುವ ಕಾಟಕ್ಕೆ ಹೆಚ್ಚಾಗಿ ಪೆಟ್ಟಿಗೆಯ ಬೆನ್ನಲ್ಲಿರುವ, ಟ್ವೀಟರ್‌ನ ಮಟ್ಟ ತಿದ್ದುವ ಗುಬುಟೇ ಕಾರಣ: ಒಳಗಿನ ತಂತಿಸುತ್ತು ಕಿಲುಬು ಹಿಡಿದಿರುತ್ತದೆ. ಬಿಚ್ಚಿ, ಉಜ್ಜಿ, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ. ತೀರಾ ಸವೆದಿದ್ದರೆ 15-16 ಓಮ್, 25 ವಾಟ್‌ನ ತಂತಿಸುತ್ತಿನದನ್ನೇ ಹಳೆಯ ಜೋಡಣೆಯಂತೆ ಹಾಕಿ. ಅಂಗಡಿಯವರು ಕೊಡುವ 8 ಓಮ್‌ನ ಎಲ್-ಪ್ಯಾಡ್ (ಸದ್ದು ತಗ್ಗಿಸುವ ಬೇರೆ ಬಗೆಯ ಗುಬುಟು) ಟ್ವೀಟರ್‌ನ ಲೆಕ್ಕವನ್ನೇ ಬದಲಿಸುತ್ತದೆ.

ವೂಫರ್ ಮತ್ತೆ ಕೂರಿಸುವಾಗ ಸುತ್ತ ಹೊಸ ಗ್ಯಾಸ್ಕೆಟ್ ಇರಲಿ. ವೂಫರ್‌ನ ಕೋನ್ ಅನ್ನು ಮೆಲ್ಲಗೆ ಒತ್ತಿ ಬಿಟ್ಟರೆ ಅದು ನಿಧಾನವಾಗಿ ಹಿಂತಿರುಗಬೇಕು. ಚಟ್ಟನೆ ಬಂದರೆ ಎಲ್ಲೋ ಗಾಳಿ ಸೋರುತ್ತಿದೆ.

ಈಗ ಸಬ್. ಆಂಪ್ಲಿಫೈಯರ್‌ನಲ್ಲಿ ಪ್ರೀ-ಔಟ್ (ಪ್ರೀಆಂಪ್‌ನಿಂದ ಹೊರಬರುವ ಸಿಗ್ನಲ್), ಮೇನ್-ಇನ್ (ಪವರ್ ಆಂಪ್‌ಗೆ ಒಳಹೋಗುವ ದಾರಿ) ಇದ್ದರೆ ಸಬ್‌ಗೆ ಪ್ರೀ-ಔಟ್‌ನಿಂದ ನೇರ ಸಿಗ್ನಲ್ ಕೊಡಿ. ಮೇನ್-ಇನ್‌ಗೆ ಹೋಗುವ ಸಿಗ್ನಲ್ ತಂತಿಯಲ್ಲಿ ಮಾತ್ರ ಚಾನೆಲ್‌ಗೊಂದು ಕೆಪ್ಯಾಸಿಟರ್ ಸೇರಿಸಿ; ಅದು ಸ್ಪೀಕರ್‌ಗೆ ಹೋಗುವ ತಗ್ಗಿನ ಬಾಸ್ ಅನ್ನು ಇಳಿಸುತ್ತದೆ. ಮೇನ್-ಇನ್‌ನ ಇನ್‌ಪುಟ್ ತಡೆ 20 ಕಿಲೋ ಓಮ್ ಇದ್ದರೆ 0.1 ಮೈಕ್ರೋಫ್ಯಾರಡ್ ಹಾಕಿದಾಗ ಗಡಿ 80 ಹರ್ಟ್ಸ್‌ಗೆ ಬರುತ್ತದೆ. ತಡೆ 40 ಕಿಲೋ ಓಮ್ ಆದರೆ 0.05 ಮೈಕ್ರೋಫ್ಯಾರಡ್. ಸಬ್‌ನ ಲೋ-ಪಾಸ್ (ಸಬ್ ಯಾವ ಆವರ್ತನದವರೆಗೆ ನುಡಿಯಬೇಕೆಂಬ ಮೇಲಿನ ಗಡಿ) ಅನ್ನೂ 80 ಹರ್ಟ್ಸ್‌ನಿಂದಲೇ ಶುರುಮಾಡಿ. ಪ್ರೀ-ಔಟ್ ಇಲ್ಲವೇ? ಸ್ಪೀಕರ್ ತಂತಿಯಿಂದಲೇ ಸಬ್‌ನ ಹೈ-ಲೆವೆಲ್ ಇನ್‌ಪುಟ್‌ಗೆ ಕೊಟ್ಟು ಲೋ-ಪಾಸ್ ಅನ್ನು 50ರ ಆಸುಪಾಸಿಗೆ ಇಳಿಸಿ. ಮೇಲಿಟ್ಟರೆ ಎರಡರ ಬಾಸ್ ಒಂದರ ಮೇಲೊಂದು ಕೂತು ಉಬ್ಬು ಬರುತ್ತದೆ.

ಹೊಂದಿಸುವ ಉಪಾಯ ತಿರುಗುಮುರುಗಿನದು. ಗಡಿಯ ಆವರ್ತನದ ಟೋನ್ ಹಾಕಿ, ಸಬ್‌ನ ಪೊಲಾರಿಟಿ (ಪ್ಲಸ್-ಮೈನಸ್ ದಿಕ್ಕು) ಉಲ್ಟಾ ಮಾಡಿ. ಕೂರುವ ಜಾಗದಲ್ಲಿ ಸದ್ದು ಅತಿ ಕಡಿಮೆಯಾಗುವವರೆಗೆ ಸಬ್‌ನ ಫೇಸ್ ಗುಬುಟು ತಿರುಗಿಸುತ್ತ, ಲೆವೆಲ್ ತಿದ್ದುತ್ತ ಹೋಗಿ. ಆಮೇಲೆ ಪೊಲಾರಿಟಿ ಸರಿಮಾಡಿದರೆ ಎರಡೂ ಕೂಡಿ ನುಡಿಯುತ್ತವೆ.

ಕೊನೆಗೆ ಮೃದಂಗದ ತನಿ ಆವರ್ತನ (ಕಛೇರಿಯಲ್ಲಿ ತಾಳವಾದ್ಯ ಒಂಟಿಯಾಗಿ ನುಡಿಯುವ ಭಾಗ) ಹಾಕಿ ಕೇಳಿ. ಎಡಮುಖದ ಗುಮ್ಕಿ (ಆಳದ ಗುಂಯ್ ನಾದ) ಸಬ್ ಇಟ್ಟ ಮೂಲೆಯಿಂದ ಬೇರೆಯಾಗಿ ಕೇಳಿಸಿದರೆ ಲೋ-ಪಾಸ್ ಇಳಿಸಿ, ಇಲ್ಲವೇ ಸಬ್ ಅನ್ನು ಸ್ಪೀಕರ್‌ಗಳ ನಡುವೆ ತನ್ನಿ.