ಮರದಿಂದ ಬಿದ್ದು ಎಡಪಕ್ಕೆ ನೋವಾ? ಗುಲ್ಮಕ್ಕೆ ಪೆಟ್ಟಾದ್ರೆ ಹೀಗ್ ಮಾಡಿ

ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯೋಕೆ ಅಡಿಕೆ ಮರ ಹತ್ತಿದೋರು ಜಾರಿ ಬೀಳೋದು ನಮ್ಮ ತೀರ್ಥಹಳ್ಳಿ ಕಡೆ ಹೊಸದಲ್ಲ. ಬಿದ್ದೋರು ಎದ್ದು ಕೂತು "ಏನಾಗಿಲ್ಲ ಮಾರಾಯ್ರೆ, ಸ್ವಲ್ಪ ನೀರು ಕೊಡಿ" ಅಂತಾರೆ, ತರಚಿದ್ದು ಬಿಟ್ರೆ ಮೈಮೇಲೆ ರಕ್ತ ಕಾಣಲ್ಲ, ಮನೆಯೋರಿಗೂ ಧೈರ್ಯ ಬರತ್ತೆ. ನಮ್ಮ ತೋಟಕ್ಕೆ ಅಡಿಕೆ ಗೊನೆ ಇಳಿಸೋಕೆ ಬರೋ ಕೊನೆಗಾರರೊಬ್ರು ಹೀಗೇ ಬಿದ್ದು, ಮಧ್ಯಾಹ್ನ ಊಟ ಮಾಡಿ ಮಲಗಿದ್ರು, ಸಂಜೆ ಹೊತ್ತಿಗೆ ಮುಖ ಬಿಳಿಚ್ಕೊಂಡು ನಿಲ್ಲೋಕೂ ಆಗ್ತಿರ್ಲಿಲ್ಲ. ಗುಲ್ಮ ಒಡೆದಿತ್ತು, ರಕ್ತ ಎಲ್ಲ ಹೊಟ್ಟೆ ಒಳಗೇ ಸೇರ್ತಿತ್ತು.

ಗುಲ್ಮ ಅಂದ್ರೆ ಸ್ಪ್ಲೀನ್. ಎಡಗಡೆ ಕೆಳಗಿನ ಪಕ್ಕೆಲುಬುಗಳ ಹಿಂದೆ ಮುಷ್ಟಿಯಷ್ಟು ದೊಡ್ಡದಾಗಿ, ಸುಮಾರು 150 ಗ್ರಾಂ ತೂಕ ಇರತ್ತೆ. ಮೆತ್ತಗೆ, ಒಳಗೆಲ್ಲ ರಕ್ತ ತುಂಬಿರತ್ತೆ, ಅದಕ್ಕೇ ಮರದಿಂದ ಬಿದ್ರೂ, ಘಾಟಿಯಲ್ಲಿ ಬೈಕ್ ಹ್ಯಾಂಡಲ್ ಹೊಟ್ಟೆಗೆ ಚುಚ್ಚಿದ್ರೂ, ಕೊಟ್ಟಿಗೆಯಲ್ಲಿ ದನ ಒದ್ರೂ ಸೀಳಬಹುದು.

ಮೊದ್ಲು ಸ್ಥಳದಲ್ಲಿ ಏನ್ ಮಾಡ್ಬೇಕು ಅಂತ ಹೇಳ್ತೀನಿ, ಯಾಕಂದ್ರೆ ನಾವು ತಪ್ಪು ಮಾಡೋದು ಇಲ್ಲೇ. ಕೈಕಾಲು ಹಿಡ್ದು ಎತ್ಬೇಡಿ, ಕಂಬಳಿ ಜೋಲಿಯಲ್ಲೂ ಬೇಡ, ಬೆನ್ನುಮೂಳೆಗೂ ಪೆಟ್ಟಾಗಿರಬಹುದು, ಅಗಲದ ಹಲಗೆ ತಂದು ಅದರ ಮೇಲೆ ನೇರವಾಗಿ ಮಲಗಿಸ್ಕೊಂಡು ರಸ್ತೆಗೆ ತನ್ನಿ. ಹೊಟ್ಟೆಗೆ ಎಣ್ಣೆ ಹಾಕಿ ತಿಕ್ಕಬೇಡಿ. ಬಾಯಾರಿಕೆ ಅಂದ್ರೂ ನೀರು, ಕಾಫಿ, ಊಟ ಯಾವುದೂ ಬೇಡ, ಆಪರೇಷನ್ ಬೇಕಾಗಬಹುದು. ನೋವಿನ ಮಾತ್ರೆಯೂ ನೀವಾಗೇ ಕೊಡಬೇಡಿ, ಕೆಲವು ಮಾತ್ರೆ ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ. 108ಕ್ಕೆ ಫೋನ್ ಮಾಡಿ, ಸಿಗ್ನಲ್ ಇಲ್ಲ ಅಂದ್ರೆ ಒಬ್ರನ್ನ ಗುಡ್ಡ ಹತ್ತಿಸಿ.

ಹೊಟ್ಟೆಗೆ ಜೋರು ಪೆಟ್ಟು ಬಿದ್ದಿದೆ ಅಂದ್ರೆ ನೋವು ಕಮ್ಮಿ ಇದ್ರೂ ತೋರಿಸ್ಲೇಬೇಕು. ಎಡಪಕ್ಕೆ ನೋವು, ತಲೆ ಸುತ್ತು, ತಣ್ಣನೆ ಬೆವರು, ಜೋರಾಗಿ ಹೊಡ್ಕೊಳೋ ನಾಡಿ ಇದ್ರಂತೂ ಒಂದು ನಿಮಿಷವೂ ಕಾಯಬೇಡಿ. ಇನ್ನೊಂದು ವಿಚಿತ್ರ ಗುರುತಿದೆ, ಭುಜಕ್ಕೆ ಏಟೇ ಬಿದ್ದಿಲ್ಲದಿದ್ರೂ ಎಡಭುಜ ನೋಯತ್ತೆ. ಸೋರಿದ ರಕ್ತ ಎದೆ-ಹೊಟ್ಟೆ ನಡುವಿನ ಪರದೆಗೆ, ಅಂದ್ರೆ ವಪೆಗೆ ತಾಗತ್ತೆ, ವಪೆಯ ನರ ಮತ್ತು ಭುಜದ ನರ ಕುತ್ತಿಗೆಯ ಒಂದೇ ಜಾಗದಿಂದ ಬರೋದ್ರಿಂದ ಹಾಗೆ. "ಬಿಪಿ ನೋಡಿಸಿದ್ವಿ, ನಾರ್ಮಲ್ ಇದೆ" ಅಂತ ವಾಪಸ್ ಬರ್ಬೇಡಿ, ಗಟ್ಟಿಮುಟ್ಟು ಹರೆಯದೋರಿಗೆ ತುಂಬಾ ರಕ್ತ ಹೋಗೋ ತನಕ ಬಿಪಿ ಇಳಿಯದೇ ಇರಬಹುದು.

ತೀರ್ಥಹಳ್ಳಿ, ಸಾಗರ, ಹೊಸನಗರದಿಂದ ಶಿವಮೊಗ್ಗದ ಸರ್ಕಾರಿ ಆಸ್ಪತ್ರೆ ಮೆಗ್ಗಾನ್‌ಗೆ ಹೋಗೋದು ಗಂಟೆ ಮೇಲಿನ ದಾರಿ. ಹಾಗಾಗಿ ಮೊದ್ಲು ಹತ್ತಿರದ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿ, ಅವರು ಹೇಳಿದ ಹಾಗೆ ಮುಂದೆ ಹೋಗಿ. ರಕ್ತ ಕೊಡಬಲ್ಲ ಇಬ್ರು ಜೊತೆಗಿರಲಿ, ಆಧಾರ್, ರೇಷನ್ ಕಾರ್ಡ್ ಕೂಡ.

ಆಸ್ಪತ್ರೆಯಲ್ಲಿ ಹಾಸಿಗೆ ಪಕ್ಕದಲ್ಲೇ ಸ್ಕ್ಯಾನ್ ಮಾಡಿ ಹೊಟ್ಟೆಯಲ್ಲಿ ರಕ್ತ ಇದೆಯಾ ನೋಡ್ತಾರೆ. ರಕ್ತ ಇದೆ, ಬಿಪಿಯೂ ಇಳಿದಿದೆ, ಡ್ರಿಪ್ ಹಾಕಿದ್ರೂ ಏರ್ತಿಲ್ಲ ಅಂದ್ರೆ ನೇರ ಆಪರೇಷನ್, ಅಲ್ಲಿ ಹಿಂದೆಮುಂದೆ ನೋಡದೆ ಸಹಿ ಹಾಕಿ. ಬಿಪಿ ಗಟ್ಟಿ ಇದ್ರೆ ಸಿಟಿ ಸ್ಕ್ಯಾನ್ ಮಾಡಿ 1ರಿಂದ 5ರ ತನಕ ಗ್ರೇಡ್ ಹೇಳ್ತಾರೆ, 1 ಅಂದ್ರೆ ಸಣ್ಣ ಸೀಳು, 5 ಅಂದ್ರೆ ಚೂರಾಗಿದೆ. ಆದ್ರೆ ಬರೀ ಗ್ರೇಡ್ ನೋಡಿ ತೀರ್ಮಾನ ಆಗಲ್ಲ, ಆಗಾಗ ನೋಡೋ ನಾಡಿ, ಬಿಪಿ, ಹಿಮೋಗ್ಲೋಬಿನ್ ಮುಖ್ಯ. ಎಷ್ಟೋ ಜನಕ್ಕೆ ಕತ್ತಿ ಮುಟ್ಟಿಸದೆ ಬರೀ ಐಸಿಯು, ವಾರ್ಡಲ್ಲಿ ಕಾದು ನೋಡೋದೇ ಚಿಕಿತ್ಸೆ, ಮಕ್ಕಳಲ್ಲಂತೂ ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಹೀಗೇ ವಾಸಿ ಆಗತ್ತೆ. "ಡಾಕ್ಟ್ರು ಏನೂ ಮಾಡ್ತಿಲ್ಲ" ಅಂತ ಹಟ ಮಾಡಿ ಡಿಸ್ಚಾರ್ಜ್ ಮಾಡಿಸ್ಕೊಂಡು ಬರೋರಿದಾರೆ, ಕೈಮುಗೀತೀನಿ, ಹಾಗ್ ಮಾಡ್ಬೇಡಿ. ಮಧ್ಯದ ದಾರಿಯೂ ಒಂದಿದೆ, ತೊಡೆಸಂದಿಯ ರಕ್ತನಾಳದಿಂದ ಸಣ್ಣ ಟ್ಯೂಬ್ ತೂರಿಸಿ ಸೋರೋ ನಾಳ ಮುಚ್ಚೋದು, ಎಂಬೊಲೈಸೇಷನ್ ಅಂತಾರೆ. ಎಲ್ಲ ಕಡೆ ಇರಲ್ಲ, ಅದಕ್ಕೆ ದೂರ ಕಳಿಸೋದಾದ್ರೆ ಪ್ರಯಾಣ ತಡಕೊಳ್ತಾರಾ ಅಂತ ಕೇಳ್ಕೊಳಿ.

ಗುಲ್ಮ ಉಳಿಸೋಕೆ ಇಷ್ಟು ಕಷ್ಟ ಯಾಕೆ ಅಂದ್ರೆ, ಹಿಂದೆ ಒಡೆದ್ರೆ ತೆಗೆದು ಬಿಸಾಡ್ತಿದ್ರು, ಅದಿಲ್ಲದೆ ಬದುಕಬಹುದು ಅನ್ನೋದೂ ನಿಜ. ಆದ್ರೆ 1952ರಲ್ಲಿ ಅಮೆರಿಕದ ಕಿಂಗ್ ಮತ್ತು ಶೂಮ್ಯಾಕರ್ ಅನ್ನೋ ಡಾಕ್ಟರುಗಳು ಗುಲ್ಮ ತೆಗೆದ ಹಸುಗೂಸುಗಳಿಗೆ ಭಯಂಕರ ಸೋಂಕು ಬಂದಿದ್ದನ್ನ ಬರೆದ್ರು. ನ್ಯುಮೊಕಾಕಸ್ ಥರದ ಬ್ಯಾಕ್ಟೀರಿಯಾಗಳನ್ನ ರಕ್ತದಿಂದ ಸೋಸೋದು ಈ ಗುಲ್ಮ.

ಉಳಿಸ್ಕೊಂಡು ಮನೆಗೆ ಬಂದ್ರೆ, ತಡವಾಗಿ ರಕ್ತ ಸೋರೋದು ಹೆಚ್ಚಾಗಿ ಮೊದಲ ಎರಡು ವಾರದಲ್ಲಿ, ಆಗ ಒಬ್ಬರೇ ತೋಟದ ಮನೇಲಿ ಇರೋದು ಬೇಡ. ಮರ ಹತ್ತೋದು, ಹೊರೆ ಹೊರೋದು, ಕಬಡ್ಡಿ, ಬೈಕು ಎಲ್ಲ ಡಾಕ್ಟ್ರು ಹೇಳೋ ತನಕ ಬಂದ್, ದೊಡ್ಡ ಗ್ರೇಡ್ ಆದ್ರೆ ಎರಡು ಮೂರು ತಿಂಗಳೂ ಆಗಬಹುದು.

ತೆಗೆದ್ರೆ ಲಸಿಕೆ ಬಿಡಂಗಿಲ್ಲ, ನ್ಯುಮೊಕಾಕಸ್, ಮೆನಿಂಗೊಕಾಕಸ್, ಹಿಬ್ ಅನ್ನೋ ಮೂರು ಬ್ಯಾಕ್ಟೀರಿಯಾದ್ದು, ಸಾಮಾನ್ಯವಾಗಿ ಆಪರೇಷನ್ ಆಗಿ 14 ದಿನಕ್ಕೆ, ಫ್ಲೂದು ಪ್ರತಿ ವರ್ಷ. ಡಿಸ್ಚಾರ್ಜ್ ದಿನ ನೀವೇ ಕೇಳಿ. ಇನ್ನು ಜ್ವರ. ನಮ್ಮಲ್ಲಿ ಜ್ವರ ಅಂದ್ರೆ ವೈರಲ್ ಇರಬಹುದು, ಮಂಗನ ಕಾಯಿಲೆ ಇರಬಹುದು, ನಾಳೆ ನೋಡೋಣ ಅಂತೀವಿ, ಗುಲ್ಮ ಇಲ್ಲದೋರಿಗೆ ಆ ನಾಳೆ ಇಲ್ಲ, ಈ ಸೋಂಕು ಒಂದೆರಡು ದಿನದಲ್ಲೇ ಜೀವ ತೆಗೀಬಹುದು. ಮನೇಲಿಡೋಕೆ ಆ್ಯಂಟಿಬಯಾಟಿಕ್ ಮೊದಲೇ ಬರೆಸ್ಕೊಂಡಿರಿ, ಚಳಿಜ್ವರ ಬಂದ ತಕ್ಷಣ ಮೊದಲ ಡೋಸ್ ನುಂಗಿ ರಾತ್ರಿ ಎರಡು ಗಂಟೆಯಾದ್ರೂ ಹೊರಡಿ, ಹೋದಲ್ಲಿ "ಗುಲ್ಮ ಇಲ್ಲ" ಅಂತ ಮೊದಲ ಮಾತೇ ಹೇಳಿ. ನಾಯಿ ಕಚ್ಚಿದ್ರೂ ಅಷ್ಟೇ.

ನಮ್ಮ ಕೊನೆಗಾರರಿಗೆ ಗುಲ್ಮ ತೆಗೆದ್ರು. ಈಗ ಮರ ಹತ್ತಲ್ಲ, ಫೈಬರ್ ದೋಟಿ ಹಿಡ್ದು ಕೆಳಗಿಂದ್ಲೇ ಕೊನೆ ತೆಗೀತಾರೆ. ಲಸಿಕೆ ಚೀಟಿನ ಅವರ ಹೆಂಡ್ತಿ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಾರೆ.