ಕೋಲು ಎತ್ತಿ ಸೇತುವೆ ದಾಟಿದ್ದು

ಹನ್ನೊಂದು ವರ್ಷದ ಗೆಳೆಯ, ವ್ಯಾಪಾರದಲ್ಲೂ ಪಾಲುದಾರ. ನಾನು ಖಾಲಿ ಚೆಕ್‌ಗೆ ಸಹಿ ಹಾಕಿ ಕೊಡುತ್ತಿದ್ದೆ. ಅವನು ಖಾತೆ ಬರಿದು ಮಾಡಿ ಹೋದ. ದೇವರಿಗೆ ಕೈ ಮುಗಿಯುವುದನ್ನೂ ಅವತ್ತೇ ಬಿಟ್ಟೆ.

ಏಳು ತಿಂಗಳ ಮೇಲೆ, ಒಂದು ನವೆಂಬರ್‌ನಲ್ಲಿ, ಜಪಾನಿನ ಶಿಕೊಕು ದ್ವೀಪಕ್ಕೆ ಒಬ್ಬನೇ ಹೋದೆ. ಅಲ್ಲಿ 88 ದೇವಸ್ಥಾನಗಳನ್ನು ಸುತ್ತುವ ಸುಮಾರು 1,200 ಕಿ.ಮೀ. ಯಾತ್ರೆ ಇದೆ, 774ರಲ್ಲಿ ಅಲ್ಲೇ ಹುಟ್ಟಿದ ಬೌದ್ಧ ಗುರು ಕೂಕಾಯ್ ಹೆಸರಿನಲ್ಲಿ. ನಂಬಿಕೆ ಬಿಟ್ಟವನಿಗೆ ಯಾತ್ರೆ ಯಾಕೆ ಅಂತೀರಾ? ಬಾಣದ ಗುರುತು ನೋಡಿ ನಡೆದರಾಯ್ತು, ತಲೆ ಓಡಿಸಬೇಕಿಲ್ಲ, ಅಷ್ಟೇ. ಪೂರ್ತಿ ನಡೆಯಲು ಸುಮಾರು ಒಂದೂವರೆ ತಿಂಗಳು ಬೇಕು. ನಾನು ತೊಕುಶಿಮಾ ಭಾಗದ ಮೊದಲ 23 ಮಾತ್ರ ಸಾಕು ಅಂದುಕೊಂಡೆ.

ಯಾತ್ರಿಕರ ಟೋಪಿಯ ಮೇಲೆ ‘ಇಬ್ಬರೂ ಜೊತೆಯಾಗಿ ಪಯಣ’ ಅನ್ನುವ ಅರ್ಥದ ಸಾಲಿರುತ್ತದೆ. ಕೂಕಾಯ್ ಪಕ್ಕದಲ್ಲೇ ನಡೆಯುತ್ತಾನೆ, ಕೈಯಲ್ಲಿರುವ ಕೋಲೇ ಅವನು ಅಂತ. ಜೊತೆಗಾರನಿಂದಲೇ ಏಟು ತಿಂದವನಿಗೆ ಒಳ್ಳೇ ತಮಾಷೆ!

ಮೊದಲೆರಡು ದಿನ ದಂಡ. ಕಾಲು ನಡೆಯುತ್ತಿತ್ತು, ತಲೆಯೊಳಗೆ ಆ ಗೆಳೆಯನ ಜೊತೆ ಜಗಳ. 11ರಿಂದ 12ನೇ ದೇವಸ್ಥಾನಕ್ಕೆ ಸುಮಾರು 13 ಕಿ.ಮೀ. ಬೆಟ್ಟದ ದಾರಿ, ‘ಯಾತ್ರಿಕರು ಉರುಳಿ ಬೀಳುವ ಜಾಗ’ ಅಂತಲೇ ಹೆಸರು. ಅವತ್ತು ಉಸಿರು ಬಿಡುವುದೇ ಕೆಲಸವಾಗಿ, ಬೈಯಲೂ ತ್ರಾಣ ಉಳಿಯಲಿಲ್ಲ.

ಮರುದಿನ ಒಬ್ಬ ಅಜ್ಜಿ ರಸ್ತೆ ದಾಟಿ ಬಂದು ನನ್ನ ಕೈಯಲ್ಲಿ ನಾಣ್ಯ ಇಟ್ಟರು. ಯಾತ್ರಿಕರಿಗೆ ಹೀಗೆ ಕೊಡುವುದಕ್ಕೆ ಒಸೆತ್ತಾಯ್ ಅನ್ನುತ್ತಾರೆ, ಬೇಡ ಅನ್ನುವ ಹಾಗಿಲ್ಲ, ಬದಲಿಗೆ ನಮ್ಮ ಹೆಸರು ಬರೆದ ಚೀಟಿ ಕೊಡಬೇಕು. ಇದೆಲ್ಲ ಮೊದಲೇ ಓದಿದ್ದೆ. ಆದರೂ ಮನಸ್ಸಿಗೆ ಮೊದಲು ಬಂದದ್ದು: ಈ ಅಜ್ಜಿಗೆ ನನ್ನಿಂದ ಏನು ಬೇಕಿರಬಹುದು? ಚೀಟಿ ಕೊಟ್ಟು ಸರಸರ ನಡೆದುಬಿಟ್ಟೆ. ಅವನು ಕಿತ್ತುಕೊಂಡದ್ದು ಬರೀ ದುಡ್ಡಲ್ಲ ಅಂತ ಗೊತ್ತಾದದ್ದು ಆಗ. ಎಷ್ಟು ನಾಚಿಕೆಯಾಯಿತು ಅಂದರೆ, ಸ್ವಲ್ಪ ದೂರ ಹೋಗಿ ಸುಮ್ನೆ ಕೂತುಬಿಟ್ಟೆ.

ಆ ಕಡೆ ಹಳ್ಳಿ ರಸ್ತೆಗಳಲ್ಲಿ ಕಾಯುವವರಿಲ್ಲದ ಗೂಡಂಗಡಿಗಳಿರುತ್ತವೆ, ಹಣ್ಣಿನ ಚೀಲ, ಪಕ್ಕದಲ್ಲಿ ದುಡ್ಡು ಹಾಕುವ ಡಬ್ಬಿ. ಒಂದು ಸಂಜೆ ಕಿತ್ತಳೆ ತೆಗೆದುಕೊಂಡೆ, ಚಿಲ್ಲರೆ ಇರಲಿಲ್ಲ, ನಾಳೆ ಹಾಕಿದರಾಯ್ತು ಅಂತ ನಡೆದೆ. ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎರಡು ಕಿ.ಮೀ. ವಾಪಸ್ ಹೋಗಿ ನಾಣ್ಯ ಹಾಕಿದೆ. ಯಾರೂ ನೋಡಲಿಲ್ಲ. ತಿಂಗಳುಗಳ ನಂತರ ನನ್ನ ಮೇಲೆ ನನಗೇ ಕೊಂಚ ಭರವಸೆ ಬಂತು.

ನೀವೂ ಹೊರಡುವುದಾದರೆ, ಪೆಟ್ಟು ಬಿದ್ದ ವಾರವೇ ಬೇಡ. ನಾನು ಆಗಲೇ ಹೋಗಿದ್ದರೆ ರೂಮಿನಲ್ಲಿ ಬಿದ್ದುಕೊಂಡಿರುತ್ತಿದ್ದೆ. ಒಬ್ಬರಿಗಾದರೂ ದಿನಾ ಸಂಜೆ ಎಲ್ಲಿದ್ದೀರಿ ಅಂತ ಮೆಸೇಜ್ ಮಾಡಿ. ನಾನು ತಂಗಿಗೆ ಮಾಡುತ್ತಿದ್ದೆ.

ಅವನನ್ನು ಕ್ಷಮಿಸಿಲ್ಲ. ದೇವರ ವಿಷಯವೂ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಅಲ್ಲೊಂದು ರೂಢಿ ಇದೆ: ಸೇತುವೆ ಮೇಲೆ ಕೋಲು ಊರಬಾರದು. ಕೂಕಾಯ್ ಹಿಂದೊಮ್ಮೆ ಸೇತುವೆ ಕೆಳಗೆ ರಾತ್ರಿ ಕಳೆದಿದ್ದನಂತೆ, ಈಗಲೂ ಮಲಗಿದ್ದರೆ ಎಚ್ಚರವಾದೀತು ಅಂತ. ಕೊನೆಯ ದಿನದ ಸೇತುವೆ ಕಾಂಕ್ರೀಟಿನದು, ಜೋರು ಮಳೆ, ಲಾರಿಗಳ ಸದ್ದು. ಕೆಳಗೆ ಯಾರೂ ಮಲಗಿರಲು ಸಾಧ್ಯವೇ ಇರಲಿಲ್ಲ. ಕೋಲು ಎತ್ತಿಕೊಂಡೇ ದಾಟಿದೆ.