75 ಸೆಂಟಿಮೀಟರಿನ ಕುರ್ಚಿ

ನಮ್ಮೂರಿನ ವೆಲ್ಡಿಂಗ್ ಶಾಪಿನವನಿಗೆ ಗೇಟು, ಕಿಟಕಿ ಸರಳು, ಟ್ರೇಲರಿನ ಹುಕ್ಕು ಮಾಡಿ ಗೊತ್ತು. ನಾನು ಗಾಲಿಕುರ್ಚಿ ತಳ್ಳಿಕೊಂಡು ಹೋಗಿ, ‘ಒಂದು ಕುರ್ಚಿ ಬೇಕು. ಗಾಲಿ ಬೇಡ. ಎತ್ತರ 75 ಸೆಂಟಿಮೀಟರ್ ದಾಟಬಾರದು. ನನ್ನನ್ನ ಅದಕ್ಕೆ ಬೆಲ್ಟಲ್ಲಿ ಬಿಗಿದು ಕಟ್ಟಬೇಕು. ಎಷ್ಟು ಎಳೆದರೂ ಅಲ್ಲಾಡಬಾರದು’ ಅಂದೆ. ಅವನು ಕನ್ನಡಕವನ್ನು ಹಣೆಗೆ ಸರಿಸಿ ನೋಡಿದ. ‘ಎಂತಕ್ಕೆ ಮಾರಾಯ, ಕರೆಂಟ್ ಹಾಕಿ ಕೊಲ್ತಾರಾ ನಿನ್ನ?’

ಗುಂಡು ಎಸೆಯೋದಕ್ಕೆ, ಶಾಟ್‌ಪುಟ್ ಆಟಕ್ಕೆ ಅಂತ ಅರ್ಥ ಮಾಡಿಸುವಷ್ಟರಲ್ಲಿ ಎರಡು ಸಲ ಚಹಾ ಆಯಿತು.

ಅದಕ್ಕೂ ಮುಂಚೆ ನಾನು ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಕೊನೆ ಇಳಿಸುವವ. ಹದಿನೆಂಟಕ್ಕೆ ಅಡಿಕೆ ಮರ ಹತ್ತೋದು ಶುರುವಾಗಿ ಇಪ್ಪತ್ತೇಳಕ್ಕೆ ಮುಗಿಯಿತು. ಜುಲೈ ತಿಂಗಳು, ಎರಡನೇ ಸುತ್ತಿನ ಬೋರ್ಡೋ ಔಷಧಿ ಹೊಡೆಯುತ್ತಿದ್ದೆವು. ಮಳೆ ಹೊಳವಾಗಿದೆ ಅಂತ ಹತ್ತಿದ್ದು, ಮರದ ಮೈಯೆಲ್ಲ ಪಾಚಿ. ಕಾಲಿಗೆ ಹಾಕಿದ್ದ ಹಗ್ಗ ಜಾರಿತು. ಸುಮಾರು ಮೂವತ್ತು ಅಡಿಯಿಂದ ಬಸಿಗಾಲುವೆಯ ಅಂಚಿಗೆ ಬಿದ್ದೆ. ಎದೆಗೂಡು ಮುಗಿದು ಸೊಂಟ ಶುರುವಾಗುವ ಜಾಗದಲ್ಲಿ ಬೆನ್ನುಹುರಿಗೆ ಏಟು. ಕಾಲುಗಳು ಅವತ್ತೇ ಹೋದವು. ಈಗ ಕಾರ್ಬನ್ ಫೈಬರ್ ದೋಟಿ ಬಂದು ನೆಲದಲ್ಲಿ ನಿಂತೇ ಕೊನೆ ಇಳಿಸುತ್ತಾರೆ, ಔಷಧಿಯನ್ನೂ ಹೊಡೆಯುತ್ತಾರೆ. ನಮ್ಮೂರಿಗೆ ಅದು ಬಂದದ್ದು ನಾನು ಬಿದ್ದು ಎರಡು ವರ್ಷಕ್ಕೆ.

ಬೆಂಗಳೂರಿನ ಪುನರ್ವಸತಿ ವಾರ್ಡಿನಲ್ಲಿ ನಾಲ್ಕು ತಿಂಗಳಿದ್ದೆ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಕಮೋಡಿಗೆ ದಾಟುವುದೇ ಅಲ್ಲಿನ ಓದು. ಮರ ಹತ್ತಿದ ತೋಳಾದ್ದರಿಂದ ನಾನು ಬೇಗ ಕಲಿತೆ. ಅದನ್ನು ನೋಡಿದ ಫಿಸಿಯೋಥೆರಪಿಸ್ಟ್ ಮೇಡಂ ಒಂದು ದಿನ ಮಾಲತಿ ಹೊಳ್ಳ ಅವರ ಬಗ್ಗೆ ಪತ್ರಿಕೆಯಲ್ಲಿ ಬಂದಿದ್ದನ್ನು ಕೈಗಿಟ್ಟು, ‘ಓದ್ರಿ, ನಾಳೆ ಕೇಳ್ತೀನಿ’ ಅಂದರು.

ಓದಿದೆ. ಬೆಂಗಳೂರಿನವರು, 1958ರಲ್ಲಿ ಹುಟ್ಟಿದ್ದು. ಕೂಸಾಗಿದ್ದಾಗ ಬಂದ ಜ್ವರ ಇಡೀ ಮೈಯನ್ನು ಬೀಳಿಸಿತು. ವರ್ಷಗಟ್ಟಲೆ ವಿದ್ಯುತ್ ಶಾಕ್ ಚಿಕಿತ್ಸೆ ಕೊಟ್ಟ ಮೇಲೆ ಸೊಂಟದ ಮೇಲಿನ ಭಾಗಕ್ಕೆ ಮಾತ್ರ ಶಕ್ತಿ ಮರಳಿತು. ಬಾಲ್ಯದ ಹದಿನೈದು ವರ್ಷ ಚೆನ್ನೈನ ಒಂದು ಮೂಳೆ ಚಿಕಿತ್ಸಾ ಕೇಂದ್ರದಲ್ಲಿ, ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆ. ಆಮೇಲೆ ಸಿಂಡಿಕೇಟ್ ಬ್ಯಾಂಕಿನ ನೌಕರಿ, ಅದರ ಜೊತೆಜೊತೆಗೇ ಆಟ. 1988ರ ಸೋಲ್ ಪ್ಯಾರಾಲಿಂಪಿಕ್ಸ್. ಮರುವರ್ಷ ಡೆನ್ಮಾರ್ಕಿನಲ್ಲಿ 200 ಮೀಟರ್ ಗಾಲಿಕುರ್ಚಿ ಓಟ, ಗುಂಡು, ಚಕ್ರ, ಈಟಿ ನಾಲ್ಕರಲ್ಲೂ ಚಿನ್ನ. 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ. ಅಂಗವಿಕಲ ಮಕ್ಕಳಿಗಾಗಿ ಮಾತೃ ಫೌಂಡೇಶನ್ ಕಟ್ಟಿದವರೂ ಅವರೇ.

ಮಾರನೇ ದಿನ ಮೇಡಂ ಕೇಳಿದಾಗ ನನ್ನ ಬಾಯಿಂದ ಬಂದ ಪ್ರಶ್ನೆ ಒಂದೇ: ‘ಕೂತ್ಕೊಂಡು ಗುಂಡು ಹೇಗೆ ಎಸೀತಾರೆ? ಕುರ್ಚಿ ಹಿಂದಕ್ಕೆ ಹೋಗಲ್ವಾ?’ ಪದ್ಮಶ್ರೀ ಗಿದ್ಮಶ್ರೀ ನನ್ನ ತಲೆಗೆ ಹೋಗಿರಲಿಲ್ಲ. ಆ ಕಾಲದಲ್ಲಿ ಅವರು ಅಭ್ಯಾಸಕ್ಕೆ ಎಂಥ ಕುರ್ಚಿಯಲ್ಲಿ ಕೂತಿರಬಹುದು, ಅದನ್ನು ಯಾರು ಹಿಡಿದುಕೊಂಡಿರಬಹುದು ಎಂಬುದೇ ಕೊರೆಯುತ್ತಿತ್ತು. ನಮ್ಮ ದೇಶಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದ ಮುರಳೀಕಾಂತ ಪೇಟ್ಕರ್ ಅವರದೂ ಬೆನ್ನುಹುರಿಯ ಏಟೇ, 1965ರ ಯುದ್ಧದ ಗುಂಡಿನದ್ದು. ಅವರು 1972ರಲ್ಲಿ ಗೆದ್ದದ್ದು ಈಜಿನಲ್ಲಿ. ನೀರಿಗೆ ಕುರ್ಚಿ ಬೇಡ. ನೆಲದ ಮೇಲೆ ಎಸೆಯುವವನಿಗೆ ಬೇಕು.

ಅವತ್ತು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಮೂರು ವರ್ಷ ಕಳೆದು, ನಾನೇ ಎಸೆಯಲು ಹೋದಾಗ. ಕುರ್ಚಿ ಖಂಡಿತ ಹಿಂದಕ್ಕೆ ಹೋಗುತ್ತದೆ. ಪ್ರೌಢಶಾಲೆಯ ಮೈದಾನದಲ್ಲಿ ದಿನ ಓಡಾಡುವ ಗಾಲಿಕುರ್ಚಿಯಲ್ಲೇ ಕೂತು, ಬ್ರೇಕ್ ಹಾಕಿ, ಚಿಕ್ಕಪ್ಪನ ಮಗ ಹಿಂದಿನಿಂದ ಒತ್ತಿ ಹಿಡಿದು ಎಸೆದದ್ದು 4.80 ಮೀಟರ್. ನಾಲ್ಕು ಕೆಜಿ ಗುಂಡು. ನನ್ನ ಬಲದಲ್ಲಿ ಅರ್ಧ ಅವನ ಹೊಟ್ಟೆಗೇ ಹೋಗುತ್ತಿತ್ತು. ‘ಅಣ್ಣಾ, ನೀನು ಗುಂಡು ಎಸೀತಿಯೋ ನನ್ನನ್ನ ಎಸೀತಿಯೋ?’ ಅಂತ ಅವನ ಗೋಳು.

ಈ ಆಟದಲ್ಲಿ ಮೊದಲು ವರ್ಗ ಗೊತ್ತು ಮಾಡುತ್ತಾರೆ. ಮಂಚದ ಮೇಲೆ ಮಲಗಿಸಿ ಯಾವ ಸ್ನಾಯು ಎಷ್ಟು ಎಳೆಯುತ್ತದೆ ಅಂತ ಪರೀಕ್ಷಿಸಿ, ಆಮೇಲೆ ಎಸೆತವನ್ನೂ ನೋಡುತ್ತಾರೆ. ನನಗೆ ಬಂದದ್ದು ಎಫ್55. ಕೈ ಪೂರ್ತಿ, ಮುಂಡ ಸುಮಾರಾಗಿ, ಕಾಲು ಇಲ್ಲ. ಇದು ಗೊತ್ತಿಲ್ಲದವರು ಅಳತೆ ಮಾತ್ರ ನೋಡಿ ನಗುತ್ತಾರೆ. 2016ರ ರಿಯೋದಲ್ಲಿ ದೀಪಾ ಮಲಿಕ್ 4.61 ಮೀಟರ್‌ಗೆ ಬೆಳ್ಳಿ ಗೆದ್ದಾಗ ನಮ್ಮೂರ ಚಹಾದಂಗಡಿಯಲ್ಲಿ ಒಬ್ಬ, ‘ಇಷ್ಟು ನಮ್ಮ ಹುಡ್ಗನೂ ಎಸೀತಾನೆ’ ಅಂದಿದ್ದ. ಅವರದು ಎಫ್53. ಎದೆಯಿಂದ ಕೆಳಗೆ ಹಿಡಿತವಿಲ್ಲದೆ ಕೂತು ಎಸೆಯಬೇಕು. ಹೊಟ್ಟೆ, ಬೆನ್ನು ಯಾವುದೂ ಮಾತು ಕೇಳುವುದಿಲ್ಲ. 2024ರ ಪ್ಯಾರಿಸ್‌ನಲ್ಲಿ ಹೊಕಾಟೊ ಸೆಮಾ 14.65 ಮೀಟರ್ ಎಸೆದು ಕಂಚು ತಂದರು, ಅವರದು ಎಫ್57, ಸೊಂಟದ ಬಲ ಸಿಗುವ ವರ್ಗ. ಎರಡನ್ನೂ ಒಂದೇ ಟೇಪಿನಲ್ಲಿ ಅಳೆಯುವುದು ದಡ್ಡತನ. ಆ ಚಹಾದಂಗಡಿಯವನನ್ನು ಒಮ್ಮೆ ಬೆಂಚಿಗೆ ಕೂರಿಸಿ, ಎದೆಗೆ ಬೈರಾಸು ಕಟ್ಟಿ ಕಂಬಕ್ಕೆ ಬಿಗಿದು, ನನ್ನ ಗುಂಡು ಕೊಟ್ಟೆ. ಅದು ಅವನ ಚಪ್ಪಲಿಯ ಹತ್ತಿರವೇ ಬಿತ್ತು.

ಇನ್ನು ಕುರ್ಚಿ. ಒಂದೂವರೆ ಇಂಚಿನ ಚೌಕ ಪೈಪಿನಲ್ಲಿ ನಾಲ್ಕು ಕಾಲು, ಕೆಳಗೆ ಚೌಕಟ್ಟು, ಪಾದ ಇಡಲು ತಗಡು, ಎಡ ಮುಂದಿನ ಮೂಲೆಯಲ್ಲಿ ನೆಟ್ಟಗೆ ಒಂದು ಕಂಬ. ಎಸೆಯುವುದು ಬಲಗೈ ಆದರೂ ಕೆಲಸ ಮಾಡುವುದು ಆ ಕಂಬ ಹಿಡಿದ ಎಡಗೈ. ಗುಂಡನ್ನು ಕುತ್ತಿಗೆಗೆ ಒತ್ತಿ, ಮೈಯನ್ನು ಬಲಕ್ಕೆ ಹಿಂಡಿ ಹಿಂದೆ ವಾಲಬೇಕು. ಕಂಬವನ್ನು ಜಗ್ಗಿ ಎಳೆದಾಗ ಎದೆ ತಿರುಗಿ ಮುಂದೆ ಬರುತ್ತದೆ, ಬಲಗೈ ಕೊನೆಗೆ ಬರುತ್ತದೆ. ಮರಕ್ಕೆ ಆತುಕೊಂಡು ಇನ್ನೊಂದು ಕೈಯಲ್ಲಿ ಅಡಿಕೆ ಕೊನೆಗೆ ಕತ್ತಿ ಹಾಕುವಾಗಲೂ ಮೈ ಹೀಗೇ ತಿರುಗುತ್ತಿತ್ತು. ತರಬೇತುದಾರರು ಒಂದು ತಿಂಗಳಲ್ಲಿ ಕಲಿಸಬೇಕೆಂದಿದ್ದ ತಿರುವು ನನಗೆ ಮೊದಲೇ ಗೊತ್ತಿತ್ತು.

ಕಂಬಕ್ಕೆ ಮೊದಲು ಹಾಕಿಸಿದ್ದು ಮುರಿದ ಕಾರ್ಬನ್ ದೋಟಿಯ ತುಂಡು. ಹಗುರ, ಕೈಗೆ ಚೆನ್ನಾಗಿ ಸಿಗುತ್ತದೆ, ಪುಕ್ಕಟೆ ಬೇರೆ. ಎಳೆದರೆ ಬಿಲ್ಲಿನ ಹಾಗೆ ಬಾಗಿ ವಾಪಸ್ ಬರುತ್ತಿತ್ತು. ಗುಂಡು ಅರ್ಧ ಮೀಟರ್ ಮುಂದೆ ಬಿದ್ದಾಗ ನಾನು ಹಿಗ್ಗಿದೆ. ವಿಡಿಯೋ ನೋಡಿದ ತರಬೇತುದಾರರು ಫೋನಿನಲ್ಲೇ ಬೈದರು. ಕಂಬ ನೇರವಾಗಿರಬೇಕು, ಎಸೆತಕ್ಕೆ ನೆರವಾಗುವಂತೆ ಬಾಗಿದರೆ ಅಂಪೈರ್ ಒಪ್ಪುವುದಿಲ್ಲ. ತೆಗೆಸಿ ಕಬ್ಬಿಣದ ಪೈಪು ಹಾಕಿಸಿದೆ. ಅರ್ಧ ಮೀಟರ್ ಹೋಯಿತು. ಕುರ್ಚಿಯನ್ನು ನೆಲಕ್ಕೆ ಕಟ್ಟಲು ಲಾರಿಗೆ ಲೋಡ್ ಬಿಗಿಯುವ ರ‍್ಯಾಚೆಟ್ ಬೆಲ್ಟು, ನಾಲ್ಕು ಗೂಟ. ತೊಡೆಗೆ, ಮಂಡಿಗೆ, ಸೊಂಟಕ್ಕೆ ಹಿಗ್ಗದ ಬೆಲ್ಟು. ಚಿಕ್ಕಪ್ಪನ ಮಗನ ಹೊಟ್ಟೆ ಉಳಿಯಿತು. ಮಳೆಗಾಲ ಮುಗಿಯುವ ಹೊತ್ತಿಗೆ 6.30 ಬಂತು.

ಮೊದಲ ರಾಜ್ಯಮಟ್ಟದ ಕೂಟಕ್ಕೆ ಕುರ್ಚಿಯನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋದೆವು. ಎಸೆತಕ್ಕೆ ಮುಂಚೆ ಅಧಿಕಾರಿ ಟೇಪು ಹಿಡಿದು ಅಳೆದರು. 76.5. ನನ್ನ ಎದೆ ಧಸಕ್ಕೆಂದಿತು. ಊರಲ್ಲಿ ನಾವು ಅಳೆದದ್ದು ನಾನು ಕೂತಿರುವಾಗ, ಮೆತ್ತೆ ಅಮುಕಿಕೊಂಡಿರುವಾಗ. ಅವರು ಅಳೆದದ್ದು ಖಾಲಿ ಕುರ್ಚಿ. ಮೆತ್ತೆಯೂ ಲೆಕ್ಕಕ್ಕೆ ಸೇರುತ್ತದೆಂದು ನಿಯಮದಲ್ಲೇ ಇತ್ತು, ಓದಿಯೂ ಇದ್ದೆ. ತಪ್ಪು ನಮ್ಮದೇ. ಚಿಕ್ಕಪ್ಪನ ಮಗ ಕ್ಯಾಂಟೀನಿನಿಂದ ತರಕಾರಿ ಹೆಚ್ಚುವ ಚಾಕು ತಂದು ಸ್ಪಂಜನ್ನು ಅಡ್ಡಲಾಗಿ ಸೀಳಿದ. ಎರಡು ಸೆಂಟಿಮೀಟರ್ ತೆಳ್ಳಗಾಯಿತು. 74.5. ಬಿಟ್ಟರು.

ಕೂತು ಎಸೆಯುವವರಿಗೆ ಎಸೆತಗಳೆಲ್ಲ ಒಂದರ ಹಿಂದೆ ಒಂದು, ಪ್ರತಿಯೊಬ್ಬರನ್ನೂ ಕಟ್ಟಿ ಬಿಚ್ಚುವುದಕ್ಕೇ ಹೊತ್ತು ಹಿಡಿಯುತ್ತದೆ. ಮೊದಲನೆಯದು ಫೌಲ್, ಕಂಬ ಎಳೆದ ರಭಸಕ್ಕೆ ಕುಂಡೆ ಸೀಟಿನಿಂದ ಎದ್ದಿತ್ತು. ಎರಡನೆಯದು 6.05. ಮೂರನೆಯದು 6.41. ಮೂರನೇ ಸ್ಥಾನ. ರಾತ್ರಿ ಬಸ್ಸಿನಲ್ಲಿ ಪದಕವನ್ನು ಜೇಬಿನಲ್ಲಿ ಮುಟ್ಟಿ ಮುಟ್ಟಿ ನೋಡುತ್ತ ಬಂದೆ. ಎಂಟು ತಾಸು ಕೂತೇ ಇದ್ದೆ, ಚರ್ಮದ ಮೇಲಿನ ಒತ್ತಡ ಇಳಿಸಲು ಆಗಾಗ ಕೈಯೂರಿ ಮೈ ಎತ್ತುವುದನ್ನು ಮರೆತೆ.

ಬೆನ್ನುಹುರಿಯ ಏಟಾದವರು ಇದನ್ನು ಓದುತ್ತಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ. ಮಾರನೇ ದಿನ ಸ್ನಾನಕ್ಕೆ ಮುಂಚೆ ಹೆಂಡತಿ ಕನ್ನಡಿ ಹಿಡಿದಳು. ಇದು ನಮ್ಮ ಮನೆಯ ನಿತ್ಯದ ಕೆಲಸ, ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಬಲಗಡೆ ಕೂರುವ ಮೂಳೆಯ ಮೇಲೆ ರೂಪಾಯಿ ನಾಣ್ಯದಷ್ಟು ಕೆಂಪು. ಬೆರಳಲ್ಲಿ ಒತ್ತಿದಳು. ಬಿಳಿಚಿಕೊಳ್ಳಲಿಲ್ಲ, ಅಂದರೆ ಒತ್ತಡದ ಹುಣ್ಣು ಶುರುವಾಗಿದೆ. ತೊಡೆಯ ಮೇಲೆ ಬೆಲ್ಟಿನ ಬಕಲ್ ಅಚ್ಚು ಒತ್ತಿದ ಹಾಗೆ ಕಪ್ಪಾಗಿ ಕೂತಿತ್ತು. ನನಗೆ ಎರಡೂ ಗೊತ್ತೇ ಆಗಿರಲಿಲ್ಲ, ಗೊತ್ತಾಗುವ ಮೈ ಅಲ್ಲ ಅದು. ‘ಪದಕ ಎಲ್ಲಿ ಇಡ್ಲಿ?’ ಅಂತ ಕೇಳಿದಳು, ನಾನು ಉತ್ತರ ಕೊಡಲಿಲ್ಲ. ಚರ್ಮ ಬಿರಿಯಿತು. ಏಳು ವಾರ ಬೋರಲು ಮಲಗಿದೆ. ಆ ವರ್ಷದ ಸುಗ್ಗಿಯಲ್ಲಿ ಅಡಿಕೆ ಸುಲಿತದ ಕೂಲಿಯೂ ಹೋಯಿತು.

ಬೋರಲು ಮಲಗಿದಾಗ ಮಾಲತಿ ಹೊಳ್ಳರ ಹದಿನೈದು ವರ್ಷ ನೆನಪಾಗುತ್ತಿತ್ತು. ವಾರ್ಡಿನಲ್ಲಿ ಓದುವಾಗ ಆ ಸಾಲನ್ನು ಹಾರಿಸಿ ಪದಕಗಳಿಗೆ ಹೋಗಿದ್ದೆ. ಅವರು ಬ್ಯಾಂಕಿನ ನೌಕರಿ ಬಿಡದೆ ಆಡಿದ್ದು ಯಾಕೆಂದೂ ಆಗಲೇ ನನ್ನಷ್ಟಕ್ಕೆ ಅರ್ಥ ಮಾಡಿಕೊಂಡೆ. ಗುಂಡು ಊಟ ಹಾಕುವುದಿಲ್ಲ.

ಎರಡನೇ ಕುರ್ಚಿಯನ್ನು ಮೆತ್ತೆಯಿಂದ ಶುರು ಮಾಡಿದೆವು. ಮೊದಲು ಐದು ಸೆಂಟಿಮೀಟರಿನ ಗಟ್ಟಿ ಫೋಮು ತಂದು, ಅದನ್ನು 75ರಲ್ಲಿ ಕಳೆದು, ಅರ್ಧ ಸೆಂಟಿಮೀಟರ್ ಕೈಯಲ್ಲಿಟ್ಟುಕೊಂಡು, ಉಳಿದ 69.5ಕ್ಕೆ ಕಬ್ಬಿಣ ಕತ್ತರಿಸಿದ್ದು. ಬಕಲ್ಲುಗಳನ್ನು ತೊಡೆಯ ಮೇಲಿನಿಂದ ಕುರ್ಚಿಯ ಪಕ್ಕಕ್ಕೆ ಇಳಿಸಿ, ಬೆಲ್ಟಿನ ಅಡಿಗೆ ಹಳೇ ಕಂಬಳಿಯ ಪಟ್ಟಿ ಹೊಲಿಸಿದೆ. ಹತ್ತು ಎಸೆತಕ್ಕೊಮ್ಮೆ ಬಿಚ್ಚಿ ಮೈ ಎತ್ತುತ್ತೇನೆ. ಈ ಕುರ್ಚಿಯಲ್ಲಿ ನನ್ನ ಅತ್ಯುತ್ತಮ 7.12.

ಹಳೆಯದು ವರಾಂಡದಲ್ಲಿ ಬಟ್ಟೆ ಒಣಗಿಸಲು ನಿಂತಿತ್ತು. ಕಳೆದ ವಾರ ಪಕ್ಕದೂರಿನ ಹುಡುಗನೊಬ್ಬ ಅಪ್ಪನ ಜೊತೆ ಬಂದ. ಕಾಲಿಗೆ ಶಕ್ತಿಯಿಲ್ಲ, ಭುಜ ಚೆನ್ನಾಗಿದೆ. ಕೂರಿಸಿ ಕಟ್ಟಿ ಗುಂಡು ಕೊಟ್ಟೆ, ಎಡಗೈಗೆ ತೆಗೆದುಕೊಂಡ. ಎಡಚ. ಹಾಗಾದರೆ ಕಂಬ ಎಡಗಡೆ ಇದ್ದು ಪ್ರಯೋಜನವಿಲ್ಲ, ಕೊಯ್ದು ಬಲಗಡೆಗೆ ಕೂರಿಸಬೇಕು, ಮೆತ್ತೆಯ ಲೆಕ್ಕಕ್ಕೆ ಕಾಲುಗಳನ್ನೂ ನಾಲ್ಕು ಸೆಂಟಿಮೀಟರ್ ಕತ್ತರಿಸಬೇಕು. ವೆಲ್ಡಿಂಗ್ ಶಾಪಿನವನಿಗೆ ಫೋನ್ ಮಾಡಿದ್ದೇನೆ. ಕರೆಂಟ್ ಇದ್ದರೆ ಸೋಮವಾರ ಅಂದಿದ್ದಾನೆ.